ಲಗ್ನಪತ್ರಿಕೆಯ ಬೆನ್ನಿಗೆ ಜಪಾನಿ ಅಕ್ಷರ

ನಮ್ಮನೆಯವರು ಬೋರ್ಡ್ ಬರೆಯುವವರು. ಹುಣಸೂರಿನಲ್ಲಿ ಒಂದು ಕಾಲಕ್ಕೆ ಅವರ ಕುಂಚ ಮುಟ್ಟದ ಅಂಗಡಿ ಇರಲಿಲ್ಲ ಎಂದರೆ ಜಂಬ ಅನ್ನಿಸಬಹುದು, ಆದರೆ ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಅವರ ಕೈಗೆ ಉಳಿದದ್ದು ಲಾರಿಗಳ ಹಿಂಭಾಗ, ಶಾಲೆಯ ಗೋಡೆ ಮತ್ತು ಟ್ರ್ಯಾಕ್ಟರ್ ಮಡ್‌ಗಾರ್ಡಿನ ಮೇಲೆ ಮಕ್ಕಳ ಹೆಸರು. ನಾನು ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅವರು ಅಕ್ಷರ, ನಾನು ಅಳತೆ. ಸಂಸಾರ ಹೇಗೋ ಸಾಗಿತ್ತು.

ಆ ಜಪಾನಿ ಅಕ್ಷರ ಮನೆಗೆ ಬಂದದ್ದು ಒಂದು ಟಿಲ್ಲರ್‌ನ ದೆಸೆಯಿಂದ. ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ಎಲ್ಲಿಂದಲೋ ಹಳೇ ಜಪಾನಿ ಟಿಲ್ಲರ್ ತಂದಿದ್ದರು. ಮೇಲಿದ್ದ ಬರಹ ಮಾಸಿತ್ತು. ಇದ್ದ ಹಾಗೇ ತಿದ್ದಿಕೊಡಿ ಎಂದರಂತೆ. ಇವರು ತಿದ್ದಿಕೊಟ್ಟು ಬಂದವರು ಊಟಕ್ಕೆ ಕೂತರೂ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಿದ್ದರು.

“ಇಷ್ಟ್ ವರ್ಸದಲ್ಲಿ ಓದಕ್ ಬರ್ದೇ ಇರದ್ನ ಇವತ್ತೇ ಕಣೇ ನಾನು ಬರ್ದಿದ್ದು. ಒಂಥರಾ ನಾಚ್ಕೆ ಆಯ್ತು.”

“ಟಿಲ್ಲರ್ ಏನು ಓದ್ಕಂಡ್ ಉಳ್ತದಾ? ಬುಡ್ರೀ ಅತ್ಲಾಗೆ,” ಎಂದೆ.

ಬಿಡಲಿಲ್ಲ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರಲ್ಲ, ಇವರಿಗೆ ಸ್ವಲ್ಪ ಮುಂಚೆಯೇ ಬಂತು. ಫೋನಿನಲ್ಲಿ ಯಾರೋ ಹೆಂಗಸು ಪಾಠ ಹೇಳುತ್ತಿದ್ದಳು, ಇವರು ಮುಂದೆ ಕೂತು ಕನ್ನಡಕ ಏರಿಸಿಕೊಂಡು ಬರೆಯುತ್ತಿದ್ದರು. ಆ ಅಕ್ಷರಗಳ ಹೆಸರು ಕಾಂಜಿ ಎಂದು ಹೇಳಿಕೊಟ್ಟರು. ಗಂಜಿ ಅಂದರೆ ಗೊತ್ತು, ಕಾಂಜಿ ಗೊತ್ತಿಲ್ಲ ಎಂದು ನಾನು ಒಲೆಯ ಕಡೆ ತಿರುಗಿದೆ.

ಬರೆಯಲು ಕಾಗದ ಬೇಕಲ್ಲ. ನಮ್ಮ ಮನೆಯಲ್ಲಿ ದಪ್ಪ ಕಾಗದ ಅಂದರೆ ಹಳೆಯ ಲಗ್ನಪತ್ರಿಕೆಗಳು. ಊರಿನವರೆಲ್ಲ ಕರೆಯುತ್ತಿದ್ದರು, ಕಟ್ಟು ಬೆಳೆದಿತ್ತು. ಅವುಗಳ ಬೆನ್ನಿನ ಮೇಲೆ ಕಪ್ಪು ಪೇಂಟಿನಲ್ಲಿ ಒಂದೊಂದು ಅಕ್ಷರ ಬರೆದು, ಆ ಅಕ್ಷರ ಯಾವ ವಸ್ತುವಿನದೋ ಅದರ ಮೇಲೆ ಅಂಟಿಸುತ್ತ ಹೋದರು. ನೀರಿನ ಗಡಿಗೆಗೆ ನೀರು, ಅಕ್ಕಿ ಡ್ರಮ್ಮಿಗೆ ಅಕ್ಕಿ, ಕಿಟಕಿಗೆ ಕಿಟಕಿ. ನನ್ನ ಹೊಲಿಗೆ ಮೆಷಿನ್ನಿನ ಹೆಗಲಿಗೂ ಒಂದು. “ಇದು ದಾರ ಕಣೇ. ದಾರ. ಇದೊಂದನ್ನಾದ್ರೂ ನೆನಪಿಟ್ಕೋ,” ಎಂದು ಎಷ್ಟು ಸಲ ಹೇಳಿದರೋ. ಅದೊಂದು ಉಳಿಯಿತು. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡುವಾಗ ಒಳಗಿನಿಂದ ಕೂಗುತ್ತಿದ್ದರು: “ಓದ್ಕಂಡ್ ಹೋಗೇ!” ನಾನು “ಹೊತ್ತಾಯ್ತು ಕಣ್ರೀ” ಎನ್ನುತ್ತ ಗಲ್ಲಿ ತಿರುಗಿರುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಪಿರಿಯಾಪಟ್ಟಣದ ಹತ್ತಿರದ ಶಾಲೆಯೊಂದರ ಗೋಡೆ ಬರೆಯಲು ಹೋದವರು ಏಣಿಯಿಂದ ಇಳಿದು ಎದೆ ಉರಿ ಎಂದರಂತೆ. ಸೋಡಾ ಕುಡಿದರಂತೆ. ನೆರಳಲ್ಲಿ ಸ್ವಲ್ಪ ಒರಗುತ್ತೇನೆ ಎಂದರಂತೆ. ಬೆಳಿಗ್ಗೆ ಡಬ್ಬಿ, ಕುಂಚ ಹಿಡಿದು ನಡೆದುಕೊಂಡು ಹೋದ ಮನುಷ್ಯನನ್ನು ಸಂಜೆ ಆಂಬುಲೆನ್ಸಿನಿಂದ ಇಳಿಸಿದರು. ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ.

ತಿಥಿಗೆ ಮುಂಚೆ ಮನೆಯನ್ನೆಲ್ಲ ತೊಳೆಯಬೇಕು. ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಕೆಲಸದ ಉಸ್ತುವಾರಿ ಅತ್ತಿಗೆಯದು, ಅಂದರೆ ನಮ್ಮನೆಯವರ ಅಕ್ಕ, ಕಟ್ಟೆಮಳಲವಾಡಿಯವರು. ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಹಜಾರದಲ್ಲಿ ಪರ್ ಪರ್ ಎಂದು ಏನೋ ಕೀಳುವ ಸದ್ದು ಕೇಳುತ್ತಿತ್ತು. ಹಳೇ ಕ್ಯಾಲೆಂಡರ್ ತೆಗೆಯುತ್ತಿದ್ದಾರೆ ಅಂದುಕೊಂಡೆ. ಎದ್ದು ಬಂದು ನೋಡಿದರೆ ಗೋಡೆ, ಬಾಗಿಲು, ಡ್ರಮ್ಮು, ಗಡಿಗೆ ಎಲ್ಲ ಬೋಳು. ಒಂದು ಅಕ್ಷರವೂ ಇಲ್ಲ.

ಅತ್ತಿಗೆಯದು ತಪ್ಪು ಅನ್ನುವ ಹಾಗೂ ಇಲ್ಲ. ಲಗ್ನಪತ್ರಿಕೆ ಅಂದ ಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತಾರೆ. ಅರಿಶಿನದ ಮೂಲೆ, ನಡುವೆ ಕಪ್ಪಗೆ ಓದಲಾಗದ ಗೀಚು, ಅದೂ ಬಾಗಿಲ ಹಿಂದೆ, ಅಕ್ಕಿಯ ಮೇಲೆ, ಹಾಸಿಗೆ ಪಕ್ಕದಲ್ಲಿ. ನಮ್ಮ ಕಡೆಯವರಿಗೆ ಅದು ಏನಾಗಿ ಕಂಡೀತು?

“ಯಾರೋ ಮಾಟ ಮಾಡ್ಸವ್ರೆ ಕಣವ್ವ. ಮನೆ ತುಂಬ ಯಂತ್ರ! ನನ್ ತಮ್ಮನ್ನ ತಿಂದ್ಕಂಡ್ವಲ್ಲವ್ವ ಇವು. ಮುಟ್ಬೇಡ ನೀನು. ಅರಿಯೋ ನೀರ್ಗೆ ಬುಡ್ಬೇಕು. ಏನಾದ್ರೂ ಆಗಾದಿದ್ರೆ ನಂಗೇ ಆಗ್ಲಿ.”

ಬರಿಗೈಲಿ ಮುಟ್ಟದೆ ಸೆರಗಿನಲ್ಲಿ ಹಿಡಿದು ಹಿಡಿದು ಅವನ್ನೆಲ್ಲ ಗೊಬ್ಬರದ ಚೀಲಕ್ಕೆ ಹಾಕಿದ್ದರು. ಚೀಲದ ಬಾಯಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಅಲ್ಲ ಅತ್ತಿಗೆ, ಅದು ಮಾಟ ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ರಟ್ಟೆ ಹಿಡಿದು ನನ್ನನ್ನು ಮತ್ತೆ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಚೀಲ ಸಂಜೆಯ ಬಸ್ಸಿನಲ್ಲಿ ಅವರ ಊರಿಗೆ ಹೋಯಿತು. ನಮ್ಮನೆಯವರನ್ನು ಹೊತ್ತುಕೊಂಡು ಹೋದಾಗ ನಾನು ಕಲ್ಲಾಗಿ ಕೂತಿದ್ದೆ. ಆ ಬೋಳು ಗೋಡೆಗಳನ್ನು ನೋಡಿದ ಮೇಲೆ ಅತ್ತದ್ದು ನಿಲ್ಲಲೇ ಇಲ್ಲ. ಅವರ ಕೈಬರಹ ಊರಿನ ಅಂಗಡಿಗಳಿಂದ ಅಳಿದದ್ದು ಸರಿ, ನನ್ನ ಮನೆಯಿಂದಲೂ ಅಳಿಯಬೇಕಿತ್ತೆ? ಉಳಿದದ್ದು ಗೋಂದಿನ ಕಲೆಗಳು ಮಾತ್ರ. ನಾನು ಅವನ್ನು ಒರೆಸಲಿಲ್ಲ.

ಕಾಗದಗಳು ಹೊಳೆ ಸೇರಿದವು ಎಂದೇ ನಂಬಿದ್ದೆ. ಮುಂಗಾರು ಶುರುವಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆಯ ಫೋನ್ ಬಂತು. ಯೋಗಕ್ಷೇಮ ವಿಚಾರಿಸಿ ಕೊನೆಗೆ ಹೇಳಿದರು: “ಬ್ಯಾಸ್ಗೇಲಿ ಒಳೆ ಒಣಗೋಗಿತ್ತಲ್ಲ, ನಿಂತ ನೀರ್ಗೆ ಬುಡಂಗಿಲ್ಲ. ಈಗ ಕೊಡಗ್ನಾಗೆ ಮಳೆ ಇಡ್ದದೆ. ನಮ್ಮೂರ್ ಒಳೆ ಕಟ್ಟೆ ಮೇಲೆ ನೀರು ಬಂತು ಕಣವ್ವ. ಸಂಜೆಗೆ ಆ ಚೀಲನ ಬುಟ್ಬುಡ್ತೀನಿ.”

ಎಂಥ ಫೋನ್ ಅದು! ಅರ್ಧ ಹೊಲಿದ ತೋಳನ್ನು ಮೆಷಿನ್ನಿನ ಬಾಯಲ್ಲೇ ಬಿಟ್ಟು, ಷಟರ್ ಎಳೆದು ಬಸ್ಸಿಗೆ ಓಡಿದೆ. ಬಸ್ಸು ನಿಂತು ನಿಂತು ಹೋಗುತ್ತಿತ್ತು. ಚೀಲ ಹೋಗಿಬಿಟ್ಟಿದ್ದರೆ, ಹೋಗಿಬಿಟ್ಟಿದ್ದರೆ ಎಂದು ಕಿಟಕಿಯ ಸರಳು ಹಿಡಿದು ಕೂತಿದ್ದೆ.

ಅತ್ತಿಗೆಯ ಮನೆ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿದೆ. ಹಿಂದೆ ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಬಾಗಿಲು ತಟ್ಟುವ ದೆವ್ವದ ಪುಕಾರು ಎದ್ದಿತ್ತು. ದೆವ್ವ ಬಂದು ಓದಿಕೊಂಡು ವಾಪಸ್ಸು ಹೋಗಲಿ ಎಂದು ಮನೆಮನೆಗೂ ಹಾಗೆ ಬರೆಯುತ್ತಿದ್ದರು. ಈ ಮನೆಯದನ್ನು ಬರೆದವರು ನಮ್ಮನೆಯವರೇ, ಚಿಕ್ಕ ವಯಸ್ಸಿನಲ್ಲಿ, ಅಕ್ಕ ಹೇಳಿದರು ಎಂದು, ಸುಣ್ಣದಲ್ಲಿ. ನನ್ನ ಮೊದಲನೇ ಬೋರ್ಡು ಎಂದು ಹೇಳಿಕೊಳ್ಳುತ್ತಿದ್ದರು. ಹೋದಾಗಲೆಲ್ಲ ಅದರ ಮೇಲೆ ಒಮ್ಮೆ ಪೇಂಟ್ ಆಡಿಸಿ ಬರುತ್ತಿದ್ದರು, ಹಾಗಾಗಿ ಇನ್ನೂ ಹೊಸದರ ಹಾಗಿತ್ತು.

ಚೀಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಮೊಳೆಗೆ ನೇತಾಡುತ್ತಿತ್ತು. ಇನ್ನೂ ಸೊಪ್ಪಿನ ಕಾಲವಲ್ಲವಾದ್ದರಿಂದ ಬ್ಯಾರನ್ ಖಾಲಿ. ನಾನು ಕೈ ಹಾಕುವಷ್ಟರಲ್ಲಿ ಅತ್ತಿಗೆ ಅಡ್ಡ ನಿಂತರು. ಜಪಾನಿ ಭಾಷೆ ಎಂದೆ, ಇವರು ಕಲಿಯುತ್ತಿದ್ದರು ಎಂದೆ, ವಸ್ತುಗಳ ಹೆಸರು ಎಂದೆ.

“ಜಪಾನೋ ಗಿಪಾನೋ. ಓದು ನೋಡಾನ.”

ಚೀಲದಿಂದ ಹುಡುಕಿ ದಾರವನ್ನು ತೆಗೆದೆ. “ಇದು ದಾರ ಅತ್ಗೆ. ನನ್ ಮಿಷಿನ್ ಮೇಲಿತ್ತು.”

“ಇನ್ನೊಂದ್ ಓದು.”

ಇನ್ನೊಂದು ಕೈಗೆ ಬಂತು. ತಿರುಗಿಸಿ ನೋಡಿದೆ. ಮೇಲ್ಯಾವುದು ಕೆಳಗ್ಯಾವುದು ಎಂದೂ ತಿಳಿಯಲಿಲ್ಲ. ಇನ್ನೊಂದು ಮಗ್ಗುಲಲ್ಲಿದ್ದ ಯಾರದೋ ಮದುವೆಯ ಮುಹೂರ್ತ ಮಾತ್ರ ಚೆನ್ನಾಗಿ ಓದಲು ಬಂತು.

“ನಿಂಗೇ ಗೊತ್ತಿಲ್ದಿರದ್ನ ಮನೇಲ್ ಯಾಕಮ್ಮಿ ಮಡೀಕತೀಯ?” ಅತ್ತಿಗೆಯ ಮಾತು ಗಡಸು, ಕಣ್ಣು ಮಾತ್ರ ತುಂಬಿತ್ತು. ಆಮೇಲೆ ಬ್ಯಾರನ್ನಿನ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟರು. “ತಕಂಡೋಗು. ಯಾವ್ದು ಓದಕ್ಕೆ ಬತ್ತದೋ ಅದ್ನ ಅಂಟ್ಸ್ಕೊ. ಮುಂದ್ಲ ವರ್ಸದ ಮಳೇಲಿ ಕಟ್ಟೆಗೆ ನೀರ್ ಬಂದಾಗ ಬತ್ತೀನಿ. ಅಷ್ಟೊತ್ತಿಗೂ ಓದಕ್ ಬರ್ದೇ ಇದ್ದದ್ನ ಒಂದೂ ಬುಡದಂಗೆ ಕೊಡ್ಬೇಕು, ಒಳೆಗೆ ಬುಡ್ತೀನಿ.”

ಆಯಿತು ಎಂದೆ. ಚೀಲ ಎತ್ತಿಕೊಂಡೆ.

ಕೆ.ಆರ್. ನಗರಕ್ಕೆ ಕೊಟ್ಟಿರುವ ಮಗಳು ಇದನ್ನು ಕೇಳಿ ನಕ್ಕಳು. “ಅಷ್ಟಕ್ಕೆ ಯಾಕವ್ವ ಒದ್ದಾಡ್ತೀಯ? ಫೋನ್ ಕ್ಯಾಮೆರಾ ಹಿಡುದ್ರೆ ಅದೇ ಹೇಳ್ತದೆ.” ಹಿಡಿದು ತೋರಿಸಿದಳು. ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ‘ಕಿಟಕಿ’ ಎಂದಿತು. ನನಗೆ ಬೇರೆ ಯಾರೋ ಹೋಳಿಗೆ ತಿಂದು ರುಚಿ ಹೇಳಿದ ಹಾಗಾಯಿತು. ಅತ್ತಿಗೆ ಓದು ಎಂದದ್ದು ನನಗೆ, ಫೋನಿಗಲ್ಲ. ಅದೂ ಅಲ್ಲದೆ, ಆ ಮನುಷ್ಯ ಒಂದೊಂದನ್ನೂ ಎಷ್ಟು ಹೊತ್ತು ನೋಡುತ್ತ ಕೂತಿರುತ್ತಿದ್ದರೋ ನಾನೂ ಅಷ್ಟು ಹೊತ್ತು ಕೂರಬೇಕು ಅನ್ನಿಸಿತು. ಅವರು ನೋಡಿದ್ದನ್ನು ನೋಡುತ್ತ ಕೂತರೆ ಪಕ್ಕದಲ್ಲಿ ಕೂತ ಹಾಗೆ ತಾನೆ.

ಅವರ ಫೋನಿನಲ್ಲಿ ಪಾಠ ಅವರು ಬಿಟ್ಟಲ್ಲೇ ನಿಂತಿತ್ತು. ಮೊದಲಿನಿಂದ ಶುರು ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ, ಪರವಾಗಿಲ್ಲವೇ ಎಂದು ಕೇಳಿತು. ಪರವಾಗಿದೆ. ಅದನ್ನು ಹಾಗೇ ಮುಚ್ಚಿಟ್ಟು ನನ್ನ ಫೋನಿಗೆ ಬೇರೆ ಹಾಕಿಸಿಕೊಂಡೆ.

ಕಲಿಯುವುದು ಎಂದರೆ ಅಷ್ಟಿಷ್ಟು ಕಷ್ಟವಲ್ಲ ಕಣ್ರೀ. ಕನ್ನಡದಲ್ಲಿ ಅ ಆ ಇ ಈ ಒಂದು ಸಲ ತಲೆಗೆ ಹತ್ತಿದರೆ ಅರ್ಥ ಗೊತ್ತಿಲ್ಲದ್ದನ್ನೂ ಗಟ್ಟಿಯಾಗಿ ಓದಬಹುದು. ಇಲ್ಲಿ ಉಲ್ಟಾ. ಅರ್ಥ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಬಂದರೂ ಒಂದೇ ಅಕ್ಷರವನ್ನು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಕರೆಯುತ್ತಾರೆ. ಇದೇನಪ್ಪ ಕಾಟ ಎಂದು ಫೋನನ್ನು ಕುಕ್ಕಿದ್ದೂ ಉಂಟು. ಆಮೇಲೆ ಯೋಚಿಸಿದರೆ ನಮ್ಮಲ್ಲೂ ಹಾಗೇ ಅಲ್ಲವೇ? ಒಬ್ಬರೇ ಹೆಂಗಸು ನನಗೆ ಅತ್ತಿಗೆ, ಇವರಿಗೆ ಅಕ್ಕ, ನನ್ನ ಮಗಳಿಗೆ ಅತ್ತೆ. ಕೂಗುವ ಹೆಸರು ಬೇರೆ, ಮುಖ ಒಂದೇ. ನಾನು ಮುಖ ಗುರುತು ಹಿಡಿಯುವುದಕ್ಕೆ ಹೊರಟೆ.

ಗೆರೆ ಎಳೆಯುವುದಕ್ಕೂ ಕ್ರಮವಿದೆ, ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಇವರಿಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಬೋರ್ಡಿನವರಲ್ಲವೇ, ಮೊದಲು ಹೊರಗೆರೆ ಹಾಕಿ ಆಮೇಲೆ ಬಣ್ಣ ತುಂಬುತ್ತಿದ್ದರು. ನನಗೆ ಸುಲಭವಾಯಿತು. ಕತ್ತು ಗುರುತು ಮಾಡದೆ ಕಂಕುಳು ಕತ್ತರಿಸಿದರೆ ಬ್ಲೌಸು ಏನಾಗುತ್ತದೆ ಎಂದು ನನಗೆ ಗೊತ್ತು. ಬಿಡುವಿದ್ದಾಗ ಗುರುತು ಹಾಕುವ ಸೀಮೆಸುಣ್ಣದಲ್ಲಿ ಚೂರು ಬಟ್ಟೆಗಳ ಮೇಲೆ ಬರೆಯುತ್ತಿದ್ದೆ. ಒಮ್ಮೆ ಗಿರಾಕಿಯೊಬ್ಬರ ಲೈನಿಂಗಿನ ಮೇಲೇ ಬರೆದು ಒಳಗೆ ಸೇರಿಸಿ ಹೊಲಿದುಬಿಟ್ಟಿದ್ದೆ. ಅವರು ಬಂದು ಇದ್ಯಾವ ಡಿಸೈನು ಅಂದರು. ಮರ ಎಂದೆ. ಮುಂದಿನ ಸಲವೂ ಹಾಕಿಕೊಡಿ ಎಂದು ಹೋದರು.

ಕೆಲವು ಅಕ್ಷರಗಳ ಜೊತೆ ಜಗಳವಾಡಿದ್ದೇನೆ. ಹೊಲ ಬರೆದು ಕೆಳಗೆ ಶಕ್ತಿ ಬರೆದರೆ ಗಂಡಸು ಅಂತೆ. ನಮ್ಮ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಹೊಗೆಸೊಪ್ಪಿನ ಹೊಲದಲ್ಲಿ ಬೆನ್ನು ಬಗ್ಗಿಸಿರುವವರು ಯಾರು ಎಂದು ಬಂದು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಸೂರಿನ ಕೆಳಗೆ ಹೆಂಗಸನ್ನು ಬರೆದರೆ ನೆಮ್ಮದಿ ಅಂತೆ. ಅದಕ್ಕೇ ಅಗ್ಗ ಎಂಬ ಅರ್ಥವೂ ಇದೆಯಂತೆ! “ಮನೇಲಿರೋ ಎಂಗಸು ಅಂದ್ರೆ ಅಗ್ಗವಾ ಏನ್ರೀ?” ಎಂದು ಬಾಯಿಬಿಟ್ಟು ಕೇಳಿಬಿಟ್ಟೆ, ಒಳಗಿನ ಕುರ್ಚಿಯ ಕಡೆ ತಿರುಗಿ. ಕುರ್ಚಿಯಲ್ಲಿ ಯಾರಿದ್ದಾರೆ? ಅವರಿದ್ದಿದ್ದರೆ ಆ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗು ಬೇಕು ಅನ್ನಿಸಿ ಅವತ್ತು ಒಂದಕ್ಷರವೂ ಕಲಿಯಲಾಗಲಿಲ್ಲ.

ಗುರುತು ಹಿಡಿದದ್ದನ್ನೆಲ್ಲ ಅದರದರ ಗೋಂದಿನ ಕಲೆಯ ಮೇಲೆ ಅಂಟಿಸುತ್ತ ಬಂದೆ. ಅಕ್ಕಿ ಬೇಗ ಸಿಕ್ಕಿತು, ಮರದ ಹೆಗಲಿಗೆ ಎರಡು ಚುಕ್ಕೆ ಇಟ್ಟರೆ ಅಕ್ಕಿ. ಉಪ್ಪು ಸೀರೆಯ ಕುಚ್ಚಿನ ಹಾಗೆ ಸಿಕ್ಕುಸಿಕ್ಕು, ಅದಕ್ಕೆ ದಸರಾ ಕಳೆಯಿತು. ಫ್ರಿಜ್ಜಿಗೆ ನೀರು ಅಂಟಿಸಿ ಗಡಿಗೆಗೆ ಮಂಜುಗಡ್ಡೆ ಅಂಟಿಸಿದ್ದೆ. ಎರಡಕ್ಕೂ ಒಂದೇ ಚುಕ್ಕೆಯ ವ್ಯತ್ಯಾಸ, ನಾನು ಅದನ್ನು ನೊಣದ ಕಲೆ ಅಂದುಕೊಂಡಿದ್ದೆ. ಮೂರು ಮರ ಒಟ್ಟಿಗೆ ನಿಂತ ಅಕ್ಷರ ಬಹಳ ಸತಾಯಿಸಿತು. ಅದು ಕಾಡು ಎಂದು ಗೊತ್ತು, ಆದರೆ ಮನೆಯೊಳಗೆ ಕಾಡೆಲ್ಲಿಂದ ಬಂತು? ಒಂದು ದಿನ ಕೆಮ್ಮಿಗೆ ಜೇನುತುಪ್ಪದ ಬಾಟಲಿ ಇಳಿಸಿದಾಗ ಅದರ ಹೊಟ್ಟೆಯ ಮೇಲೆ ಗೋಂದಿನ ಚೌಕ ಕಂಡಿತು. ಕಾಡಂಚಿನ ವೀರನಹೊಸಹಳ್ಳಿಯಲ್ಲಿ ಹಾಡಿಯ ಹೆಂಗಸೊಬ್ಬರ ಹತ್ತಿರ ತಂದ ಜೇನು ಅದು. ಅವತ್ತು ಇಬ್ಬರೂ ಬಸ್ಸಿಗೆ ಕಾಯುತ್ತ ಬೆರಳಲ್ಲೇ ಅದ್ದಿ ತಿಂದಿದ್ದೆವು. ಬಾಟಲಿ ಎದೆಗೆ ಒತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎಲ್ಲಿದ್ದೀರಿ, ಬಂದುಬಿಡಿ, ಸಾಕು ಎಂದು ಹೇಳಿಕೊಂಡೆ. ಹೇಳಿಕೊಂಡರೆ ಬರುವುದಾದರೆ ಎಷ್ಟು ಸಲ ಬರಬೇಕಿತ್ತು.

ಹೀಗೆ ಚೀಲ ಖಾಲಿಯಾಗುತ್ತ ಬಂದು ಬೇಸಿಗೆಯ ಕೊನೆಗೆ ಒಂದೇ ಒಂದು ಉಳಿಯಿತು. ಅದು ಮಾತ್ರ ಯಾವ ಪಾಠದಲ್ಲೂ ಸಿಗಲಿಲ್ಲ, ಅಥವಾ ಸಿಕ್ಕರೂ ನನ್ನ ಕಣ್ಣಿಗೆ ಬೀಳಲಿಲ್ಲ. ಎಡಗಡೆ ಎರಡು ಗೆರೆ, ಬಲಗಡೆ ಮೇಲೆ ಬಾಚಣಿಗೆಯಂಥದ್ದೊಂದು, ಅದರ ಕೆಳಗೆ ಬಟ್ಟೆ. ಬಟ್ಟೆಯ ಗುರುತು ನನಗೆ ಗೊತ್ತು, ನನ್ನ ಕಸುಬಿನದು. ಆದರೆ ಬರೀ ಬಟ್ಟೆಯಿಂದ ಏನು ತಿಳಿಯುತ್ತದೆ? ಬೀರು ಇರಬಹುದು, ದಿಂಬು ಇರಬಹುದು ಎಂದು ಅಲ್ಲೆಲ್ಲ ಹಿಡಿದು ನೋಡಿದೆ. ಎಲ್ಲೂ ಖಾಲಿ ಕಲೆ ಇರಲಿಲ್ಲ. ಅಷ್ಟರಲ್ಲಿ ಕೊಡಗಿನಲ್ಲಿ ಮಳೆ ಎಂದು ಸುದ್ದಿ ಬಂತು. ಒಂದು ಕಾಗದ ತಾನೆ, ಕೊಟ್ಟುಬಿಟ್ಟರೆ ಏನಂತೆ ಎಂದು ಮಗಳು ಸಮಾಧಾನ ಹೇಳಿದಳು. ನನಗೆ ಅವರ ಕೈಯ ಒಂದು ಗೆರೆಯೂ ನೀರಿಗೆ ಹೋಗಕೂಡದು. ಸೋತು ಕ್ಯಾಮೆರಾ ಹಿಡಿಯಲು ಫೋನ್ ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ.

ಅತ್ತಿಗೆ ನಾಳೆ ಬರುತ್ತೇನೆ ಎಂದು ಫೋನ್ ಮಾಡಿದ ದಿನ, ಪಾಠದಲ್ಲಿ ಒಂದು ವಾಕ್ಯ ಬಂತು. ಚಿತ್ರದಲ್ಲಿ ಒಬ್ಬ ಮನುಷ್ಯ ಕೈಚೀಲ ಹಿಡಿದು ಬಾಗಿಲ ಕಡೆ ನಡೆದು ಬರುತ್ತಿದ್ದಾನೆ, ಒಳಗೆ ದೀಪ. ವಾಕ್ಯದ ನಡುವೆ ಅದೇ ಅಕ್ಷರ. ಎರಡು ಗೆರೆ, ಬಾಚಣಿಗೆ, ಬಟ್ಟೆ. ಮನೆಗೆ ಮರಳುವುದು ಎಂದು ಪಾಠದ ಹೆಂಗಸು ಅರ್ಥ ಹೇಳಿದಳು.

ತಕ್ಷಣ ಎದ್ದು ಮುಂಬಾಗಿಲಿಗೆ ಹೋದೆ. ನಾನು ಮನೆಯಲ್ಲಿದ್ದಾಗ ಬಾಗಿಲು ಗೋಡೆಗೆ ಒರಗಿ ತೆರೆದೇ ಇರುತ್ತದೆ, ಚಿಲಕ ಹಾಕಿ ತೆಗೆಯುವುದೂ ಕೈಯ ಅಭ್ಯಾಸದಲ್ಲೇ, ಹಾಗಾಗಿ ಅದರ ಒಳಮೈಯನ್ನು ನಾನು ಗಮನಿಸಿಯೇ ಇರಲಿಲ್ಲ. ಮುಚ್ಚಿ ನೋಡಿದೆ. ಕಣ್ಣಿನ ನೇರಕ್ಕೆ, ಚಿಲಕದ ಪಕ್ಕದಲ್ಲಿ, ಗೋಂದಿನ ಚೌಕ. ನಾನು ಬೆಳಿಗ್ಗೆ ಚಿಲಕ ತೆಗೆಯುವಾಗ ಮೂಗಿನ ಮುಂದೆ ಇರುವ ಜಾಗ. “ಓದ್ಕಂಡ್ ಹೋಗೇ!” ಎಂದು ಕೂಗುತ್ತಿದ್ದದ್ದು ಇದನ್ನು. ನನಗೆ ಹೇಳುತ್ತಿದ್ದದ್ದು, ಹುಷಾರಾಗಿ ಮನೆಗೆ ಬಾ ಎಂದು. ನಾನು ದಿನವೂ ಬಂದೆ. ಓದಲು ಬರುತ್ತಿದ್ದ ಮನುಷ್ಯ ಅದೇ ಬಾಗಿಲು ದಾಟಿ ಹೋದವರು ಬರಲಿಲ್ಲ.

ಮರುದಿನ ಅತ್ತಿಗೆ ಬಂದರು, ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡು. ಕಾಫಿ ಕುಡಿದು ಒಂದೊಂದೇ ಕಾಗದದ ಮುಂದೆ ನಿಂತು ಕೇಳಿದರು, ನಾನು ಹೇಳಿದೆ. ಉಪ್ಪು. ಕನ್ನಡಿ. ಕೊಡೆ. ಕಾಡು. “ಬುಡವ್ವ, ಗಟ್ಟಿಗಿತ್ತಿ ನೀನು,” ಎಂದರು. ಆಮೇಲೆ ಮೇಜಿನ ಮೇಲಿದ್ದ ಕೊನೆಯದನ್ನು ಕಂಡರು.

“ಇದೊಂದ್ ಉಳ್ಕತಾ? ಕೊಡು.”

“ಇದೂ ಬತ್ತದೆ ಅತ್ಗೆ.”

“ಏನಂತೆ?”

“ಮನೆಗೆ ಬಾ ಅಂತ.”

ಅತ್ತಿಗೆ ಚೀಲ ಕೆಳಗಿಟ್ಟು ಕೂತರು. ಹೊರಗೆ ಮಳೆ ಹನಿಯುತ್ತಿತ್ತು. ನಾನು ಗೋಂದು ಸವರಿಕೊಂಡು ಹೋಗಿ ಬಾಗಿಲು ಮುಚ್ಚಿ, ಹಳೆಯ ಚೌಕಕ್ಕೆ ಕಾಗದ ಹಿಡಿದೆ.

“ಒಳಗಡೀಕ್ ಯಾಕಮ್ಮಿ ಅಂಟಿಸ್ತೀಯ?”

“ಇದ್ದದ್ದೇ ಇಲ್ಲಿ ಅತ್ಗೆ.”

“ಇದ್ರೆ ಇತ್ತು. ಈಗ ಆಚೆ ಇರೋನು ಅವ್ನಲ್ವಾ? ಆಚೆಗಡೆ ಅಂಟ್ಸು. ಓದ್ಕಳ್ಲಿ.”

ತಮ್ಮ ಮನೆಯ ಬಾಗಿಲಿಗೆ ನಾಳೆ ಬಾ ಎಂದು ಬರೆಸಿಕೊಂಡವರು ಹೇಳಿದ ಮಾತು ಅದು. ನಾನು ಬಾಗಿಲು ತೆರೆದು ಬೀದಿಯ ಕಡೆಯ ಮೈಗೆ ಅಂಟಿಸಿದೆ. ಗೋಂದು ಹಸಿ, ಮೂಲೆಗಳು ಏಳುತ್ತಿದ್ದವು. ಅತ್ತಿಗೆ ಎದ್ದು ಬಂದು, ಸೆರಗು ಅಡ್ಡ ಹಿಡಿಯದೆ, ಬರಿಗೈಯ ಹೆಬ್ಬೆರಳಿನಿಂದ ನಾಲ್ಕು ಮೂಲೆಗಳನ್ನೂ ಒತ್ತಿ ಹಿಡಿದು ನಿಂತರು.